ಬೀಗಿತ್ತಿ ಕತ್ತರಿಸಿದ ಬಚ್ಚಲುಮನೆ

ನಾನು ಮೊದಲು ಕಂಡ ದಿನ ಅವರು ನನ್ನ ಬೀಗಿತ್ತಿಯಾಗಿರಲಿಲ್ಲ, ಬರೀ ಟೈಲರಮ್ಮ. ನನ್ನ ಯಜಮಾನರು ಗಿರಣಿಯಲ್ಲಿ ಕಾವಲಿನ ಕೆಲಸದಲ್ಲಿದ್ದರು. ಕಾಯಿಲೆ ಬಿದ್ದು ಎದ್ದ ಮೇಲೆ ಅವರ ಕೋಟು ಗೂಟಕ್ಕೆ ನೇತುಹಾಕಿದ ಹಾಗೆ ಮೈಮೇಲೆ ತೂಗಾಡುತ್ತಿತ್ತು. ಅದನ್ನು ಬಿಗಿ ಮಾಡಿಸಲು ಒಯ್ದಿದ್ದೆ. ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಎರಡು ಹೊಲಿಗೆ ಮೆಷೀನು, ಒಂದು ಮೇಜು, ಕಾಲಿಡಲು ಜಾಗವಿಲ್ಲದಷ್ಟು ಬಟ್ಟೆಯ ಚೂರು. ಕೊರಳಿಗೆ ಅಳತೆ ಟೇಪು ಹಾಕಿಕೊಂಡಿದ್ದ ದಪ್ಪನೆಯ ಹೆಂಗಸು ಕೋಟನ್ನು ತಿರುವಿ ನೋಡಿದರು.

"ಅವರನ್ನೇ ಕರ್ಕೊಂಡು ಬರ್ಬೇಕಿತ್ತು."

"ಅವರಿಗೆ ಮೆಟ್ಟಿಲು ಇಳಿಯೋಕಾಗಲ್ಲ."

"ಎಷ್ಟು ಇಳಿದು ಹೋಗಿದ್ದಾರೆ?"

ನಾನು ಬೆರಳಿನಲ್ಲಿ ತೋರಿಸಲು ಹೋದೆ. ಅವರು ತಲೆಯಾಡಿಸಿದರು. "ಬೆರಳು ಬೇಡ. ಅವರನ್ನ ತಬ್ಬಿಕೊಂಡ್ರೆ ನಿಮ್ಮ ಕೈ ಎಲ್ಲಿಗೆ ಬರುತ್ತೆ, ಅದನ್ನ ತೋರಿಸಿ."

ಅಂಗಡಿಯ ಮುಂದೆ ಜನ ಓಡಾಡುತ್ತಿದ್ದರು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಆದರೂ ಗಾಳಿಯನ್ನು ತಬ್ಬಿ ತೋರಿಸಿದೆ. ಅವರು ಆ ಗಾಳಿಯ ಸುತ್ತ ಟೇಪು ಹಿಡಿದು ಅಳತೆ ತೆಗೆದುಕೊಂಡರು. ಎರಡು ದಿನ ಬಿಟ್ಟು ಕೊಟ್ಟ ಕೋಟು ಮೈಗೆ ಎರಕ ಹೊಯ್ದ ಹಾಗೆ ಕೂತಿತು. "ಒಳಗೆ ಬಟ್ಟೆ ಬಿಟ್ಟಿದ್ದೀನಿ, ಮೈ ಬಂದ್ರೆ ಬಿಚ್ಚಿ ಕೊಡ್ತೀನಿ" ಎಂದಿದ್ದರು. ಯಜಮಾನರಿಗೆ ಮೈ ಬರಲೇ ಇಲ್ಲ. ಆ ಕೋಟಿನಲ್ಲೇ ಒಂದು ಚಳಿಗಾಲ ಕಳೆದು ಹೋಗಿಬಿಟ್ಟರು.

ಆಮೇಲೆ ನಾನೂ ನನ್ನ ಮಗನೂ ಆ ಅಂಗಡಿಗೆ ಹೋಗಿಬರುತ್ತಿದ್ದೆವು. ನನಗೆ ನಿಜವಾಗಿ ಕೆಲಸವಿರುತ್ತಿತ್ತು. ಮಗನ ಅಂಗಿಯ ಗುಂಡಿಗಳು ಮಾತ್ರ ವಾರಕ್ಕೊಂದು ತಾವಾಗಿಯೇ ಉದುರುತ್ತಿದ್ದವು. ಟೈಲರಮ್ಮನ ಮಗಳು ಎರಡನೆಯ ಮೆಷೀನಿನಲ್ಲಿ ಕೂರುತ್ತಿದ್ದಳು, ಗುಂಡಿ ಹಾಕುವುದು ಅವಳ ಕೆಲಸ. ಕೊನೆಗೆ ಟೈಲರಮ್ಮನೇ ಬೇಸತ್ತು, "ಇನ್ನು ಅಂಗಿ ಹಾಳು ಮಾಡ್ಬೇಡಪ್ಪ, ಹುಡುಗೀನ ಕೇಳಿಬಿಡು" ಎಂದರು. ಹಾಗೆ ನಾವು ಬೀಗಿತ್ತಿಯರಾದೆವು.

ಬೀಗಿತ್ತಿಯ ಗಂಡ ಮಗಳು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು. ಮಗಳ ಮದುವೆಯಾದ ಮೇಲೆ ಅವರು ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ಶಾಲೆಯ ಮಕ್ಕಳ ಸಮವಸ್ತ್ರ ಕತ್ತರಿಸುತ್ತಿರುವಾಗ ಲಕ್ವ ಹೊಡೆಯಿತು. ಕತ್ತರಿ ಹಿಡಿಯುವ ಬಲಗೈ ಉಳಿಯಿತು, ಬಟ್ಟೆ ಹಿಡಿಯುವ ಎಡಗೈ ಹೋಯಿತು. ಎಡಗಾಲು ಎಳೆಯುತ್ತಿತ್ತು. ಆಸ್ಪತ್ರೆಯಿಂದ ಸೀದಾ ನಮ್ಮ ಮನೆಗೆ ಕರೆತಂದೆವು.

ಊಟ, ನಿದ್ದೆ, ಮಾತು ಎಲ್ಲಕ್ಕೂ ಅವರು ಹೊಂದಿಕೊಂಡರು. ಸ್ನಾನಕ್ಕೆ ಮಾತ್ರ ಹೊಂದಿಕೊಳ್ಳಲಿಲ್ಲ. ನಮ್ಮ ಬಚ್ಚಲುಮನೆ ಇಕ್ಕಟ್ಟು, ಹೊಸ್ತಿಲು ಎತ್ತರ, ನೆಲದ ಇಳಿಜಾರು ಸರಿಯಿಲ್ಲದೆ ಮೂಲೆಯಲ್ಲಿ ಯಾವಾಗಲೂ ನೀರು ನಿಂತು ಪಾಚಿ. ಹಾಗಾಗಿ ಸೊಸೆಯೇ ಒಳಗೆ ನಿಂತು ತಾಯಿಗೆ ಸ್ನಾನ ಮಾಡಿಸುತ್ತಿದ್ದಳು. ಮೊದಲು ದಿನಾ, ಆಮೇಲೆ ಎರಡು ದಿನಕ್ಕೊಮ್ಮೆ. "ಇವತ್ತು ಚಳಿ, ಬೇಡ", "ಇವತ್ತು ತಲೆನೋವು, ಬೇಡ" ಎಂದು ವಾರ ದೂಡುವುದಕ್ಕೆ ಶುರುಮಾಡಿದರು. ವಾಸನೆ ಬರತೊಡಗಿತು. ಯಾರೂ ಹೇಳಲಿಲ್ಲ. ಅವರಿಗೇ ಗೊತ್ತಾಗಿ ಕಿಟಕಿಯ ಪಕ್ಕ ಹೋಗಿ ಕೂರುತ್ತಿದ್ದರು.

ಒಂದು ದಿನ ಮಧ್ಯಾಹ್ನ ಎಲ್ಲರ ಮುಂದೆ ಹೇಳಿದರು. "ನೋಡಿ, ಊರಿಗೆಲ್ಲ ಬಟ್ಟೆ ತೊಡಿಸಿದೋಳು ನಾನು. ನನ್ನ ಬಟ್ಟೆ ನನ್ನ ಮಗಳು ಬಿಚ್ಚೋದು ನನಗಾಗಲ್ಲ. ವೃದ್ಧಾಶ್ರಮದಲ್ಲಿ ವಿಚಾರಿಸಿದ್ದೀನಿ. ಅಲ್ಲಿ ಅದಕ್ಕೇ ಅಂತ ಸಂಬಳದ ಹೆಂಗಸು ಇದ್ದಾಳಂತೆ. ಒಂದು ಹಾಸಿಗೆ ಖಾಲಿಯಾಗುತ್ತೆ, ಈ ತಿಂಗಳ ಕೊನೆಗೆ ಹೇಳ್ಬೇಕು."

ಸೊಸೆಯ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. "ಅಮ್ಮ, ನಾನೇನು ಬೇರೆಯವಳಾ?"

"ಬೇರೆಯವಳಾಗಿದ್ರೆ ಬಿಚ್ಚಿಸ್ಕೋತಿದ್ದೆ ಕಣೆ."

ನನ್ನ ಮಗ, "ಅತ್ತೆ, ನೀವೊಬ್ಬರೇ ಸ್ನಾನ ಮಾಡೋ ಹಾಗೆ ಬಚ್ಚಲು ಒಡೆದು ಕಟ್ಟಿಸಿದ್ರೆ ಇರ್ತೀರಾ?" ಎಂದು ಕೇಳಿದ.

"ಒಬ್ಬಳೇ ಮಾಡೋ ಹಾಗಾದ್ರೆ ಯಾಕೆ ಹೋಗ್ಲಿ? ನನಗೇನು ಹುಚ್ಚಾ?"

ಹೀಗೆ ತಿಂಗಳ ಕೊನೆ ಎನ್ನುವುದು ನಮ್ಮೆಲ್ಲರ ತಲೆಯ ಮೇಲಿನ ಕತ್ತಿಯಾಯಿತು. ಸೊಸೆ ಬೆಳಿಗ್ಗೆ ಎದ್ದರೆ ಮೊದಲು ಕ್ಯಾಲೆಂಡರಿನ ಕಡೆ ನೋಡುತ್ತಿದ್ದಳು.

ನಕ್ಷೆ ಬರೆಸಲು ಯಾರನ್ನಾದರೂ ಕರೆಸೋಣ ಎಂದರೆ ಬೀಗಿತ್ತಿ ಒಪ್ಪಲಿಲ್ಲ. "ಮೈ ನನ್ನದು, ಅಳತೆ ನಾನೇ ತಗೋತೀನಿ" ಎಂದು ಖಾಕಿ ಕಾಗದದ ಸುರುಳಿ ತರಿಸಿದರು. ನಡುಮನೆಯ ಕುರ್ಚಿಗಳನ್ನೆಲ್ಲ ಹೊರಗಿಟ್ಟೆವು. ಬಚ್ಚಲಿನ ಅಳತೆಗೆ ಸರಿಯಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೋಡೆ ಎಳೆದೆವು. ಅವರು ಹೇಳುತ್ತಿದ್ದರು, ನಾನು ಮಂಡಿಯೂರಿ ಎಳೆಯುತ್ತಿದ್ದೆ. ಕಮೋಡು, ಕೂರುವ ಕಟ್ಟೆ, ಬಕೆಟ್ಟು, ಎಲ್ಲಕ್ಕೂ ನಿಜವಾದ ಗಾತ್ರದ ಕಾಗದ ಕತ್ತರಿಸಿದರು. ಕಾಗದ ಸರಿಯದಂತೆ ಎಡಗೈಯ ಬದಲು ನನ್ನ ಕೈ ಒತ್ತಿ ಹಿಡಿಯುತ್ತಿತ್ತು. ಇಷ್ಟವಾಗದಿದ್ದರೆ ಕಾಗದ ಸರಿಸುವುದು, ಮತ್ತೆ ನೋಡುವುದು.

ಕಟ್ಟೆಯ ಕಾಗದದ ಮೇಲೆ ಒಂದು ಸ್ಟೂಲು ಇಟ್ಟು ಬೀಗಿತ್ತಿ ಕೂತು, ಉಟ್ಟ ಬಟ್ಟೆಯಲ್ಲೇ, ನೀರಿಲ್ಲದೆ, ಒಣ ಸ್ನಾನ ಮಾಡಿ ನೋಡುತ್ತಿದ್ದರು. ಇಲ್ಲದ ನಲ್ಲಿ ತಿರುಗಿಸಿ, ಇಲ್ಲದ ಸೋಪು ಹಚ್ಚಿ, ಇಲ್ಲದ ಹಿಡಿಕೆ ಹಿಡಿದು ಏಳುವುದು. ಎದುರಿನ ಗೋಡೆ ನಾನು. ಕೈ ಚಾಚಿದರೆ ಎಟುಕುವಷ್ಟು ದೂರದಲ್ಲಿ ನಿಂತು ನನ್ನ ಮೊಣಕೈಯನ್ನೇ ಹಿಡಿಕೆ ಎಂದು ಕೊಡುತ್ತಿದ್ದೆ.

"ಗೋಡೆ ಅಲ್ಲಾಡ್ತಿದೆ" ಎಂದರು ಒಮ್ಮೆ.

"ಗೋಡೆಗೆ ಸೊಂಟನೋವು" ಎಂದೆ.

ಅಷ್ಟರಲ್ಲಿ ಮಗ ಕೆಲಸದಿಂದ ಬಂದು ನೇರವಾಗಿ ನಡುಮನೆಗೆ ನಡೆದ. ಬೀಗಿತ್ತಿ ಕೈ ಅಡ್ಡ ಹಿಡಿದರು. "ಅಳಿಯಂದಿರೇ, ಹೆಂಗಸರು ಸ್ನಾನ ಮಾಡ್ತಿರೋವಾಗ ಗೋಡೆ ತೂರಿಕೊಂಡು ಬರ್ತೀರಲ್ಲ, ಬಾಗಿಲು ಆ ಕಡೆ ಇದೆ."

ಮಗ ಹಿಂದೆ ಹೋಗಿ ಸುಣ್ಣದ ಬಾಗಿಲು ತಟ್ಟಿದ. ಬಹಳ ದಿನದ ಮೇಲೆ ಮನೆಯಲ್ಲಿ ನಗು ಕೇಳಿತು. ಆದರೆ ಸೊಸೆ ನಗಲಿಲ್ಲ. "ಆಡ್ತಾ ಕೂತ್ರೆ ತಿಂಗಳು ಮುಗಿದು ಹೋಗುತ್ತೆ ಅತ್ತೆ" ಎಂದು ನನ್ನ ಕಿವಿಯಲ್ಲಿ ಹೇಳಿ ಅಡುಗೆಮನೆಗೆ ಹೋದಳು.

ಒಂದೊಂದಕ್ಕೂ ವಾದ. ಸೊಸೆಗೆ ಬಿಳಿ, ಹೊಳೆಯುವ ಟೈಲ್ಸು ಬೇಕು, ಕೊಳೆ ಬೇಗ ಕಾಣುತ್ತದೆ ಎಂದು. ಬೀಗಿತ್ತಿ, "ಹೊಳೆಯೋ ಬಟ್ಟೆ ಸೂಜಿಗೇ ಜಾರುತ್ತೆ, ಇನ್ನು ಕಾಲಿಗೆ ಬಿಡುತ್ತಾ?" ಎಂದರು. ನೆಲಕ್ಕೆ ಒರಟು, ಗೋಡೆಗೆ ಬಿಳಿ ಎಂದು ರಾಜಿಯಾಯಿತು. ಹೊಸ್ತಿಲು ತೆಗೆಯುವುದು, ಬಾಗಿಲು ಹೊರಕ್ಕೆ ತೆರೆಯುವುದು, ಇವಕ್ಕೆ ಎಲ್ಲರೂ ಒಪ್ಪಿದರು. ಚಿಲಕದ ಹತ್ತಿರ ಬಂದಾಗ ನಿಂತಿತು.

"ಚಿಲಕ ಬೇಡ ಅತ್ತೆ, ಒಳಗೆ ಬಿದ್ರೆ ನಾವು ಹೇಗೆ ಬರೋದು?" ಎಂದ ಮಗ.

"ಚಿಲಕ ಇಲ್ಲದ್ದು ಬಚ್ಚಲಲ್ಲ, ಬಸ್‌ಸ್ಟ್ಯಾಂಡು."

"ಹೊರಗಿಂದಲೂ ತೆಗೆಯೋಕೆ ಬರೋ ಚಿಲಕ ಸಿಗುತ್ತೆ."

"ಹೊರಗಿಂದ ತೆಗೆಯೋಕೆ ಬಂದ್ರೆ ಅದು ಚಿಲಕ ಹೇಗಾಗುತ್ತೆ? ಸುಳ್ಳು ಜೇಬು ಹೊಲಿದ ಹಾಗೆ. ನೋಡೋಕೆ ಜೇಬು, ಕೈ ಹೋಗಲ್ಲ."

ಮಗ ಎದ್ದು ಹೋದ.

ಕೆಲಸಕ್ಕೆ ಸಿಕ್ಕಿದ ಮೇಸ್ತ್ರಿಗೆ ಬೀದಿಯಲ್ಲೆಲ್ಲ ನಾಳೆ ಮೇಸ್ತ್ರಿ ಎಂದು ಹೆಸರು. ಏನು ಕೇಳಿದರೂ ನಾಳೆ. ಆದರೆ ಕೈ ಅಚ್ಚುಕಟ್ಟು, ಅವನು ಹಾಕಿದ ನೆಲದಲ್ಲಿ ನೀರು ನಿಂತದ್ದಿಲ್ಲ. ಹಳೆಯ ಟೈಲ್ಸು ಒಡೆಯುವ ಸದ್ದಿಗೆ ಮನೆಯ ಪಾತ್ರೆಗಳೆಲ್ಲ ನಡುಗಿದವು. ಧೂಳು, ಇಟ್ಟಿಗೆ ಚೂರು, ಬಗೆದ ಕೊಳವೆ. ಬೀಗಿತ್ತಿಗೆ ಆ ಕಡೆ ಕಾಲಿಡಲು ಬಿಡಲಿಲ್ಲ. ನಾವು ಮೇಲಿನ ಮನೆಯವರ ಬಚ್ಚಲಿಗೆ ಹೋಗುತ್ತಿದ್ದೆವು. ಬೀಗಿತ್ತಿ ಕೋಣೆಯಲ್ಲೇ ಒದ್ದೆ ಬಟ್ಟೆಯಿಂದ ತಾವೇ ಮೈ ಒರೆಸಿಕೊಳ್ಳುತ್ತಿದ್ದರು. ಉಳಿದ ಹೊತ್ತೆಲ್ಲ ಸದ್ದು ಕೇಳುತ್ತ ಕೂರುವುದು. "ಈಗ ಕೊರೀತಿದ್ದಾನೆ. ಈಗ ನಿಲ್ಲಿಸ್ದ. ಯಾಕೆ ನಿಲ್ಲಿಸ್ದ, ನೋಡಿ ಬನ್ನಿ."

ಕೂರುವ ಕಟ್ಟೆಯ ಎದುರಿನ ಗೋಡೆಗೆ ಬೀಗಿತ್ತಿ ಒಂದೇ ದೊಡ್ಡ ಕಾಗದ ಕತ್ತರಿಸಿ ಕೊಟ್ಟಿದ್ದರು. ಹಿಡಿಕೆ ಬರುವಲ್ಲಿ ಸೀಳು, ನಲ್ಲಿ ಬರುವಲ್ಲಿ ತೂತು, ಸೋಪಿನ ಗೂಡಿಗೆ ಚೌಕ. ಯಾವುದು ಏನೆಂದು ಪಕ್ಕದಲ್ಲೇ ಬರೆದಿತ್ತು. ಕಾಗದವನ್ನು ಗೋಡೆಗೆ ಅಂಟಿಸಿ ತೂತಿನಲ್ಲಿ ಗುರುತು ಹಾಕಿಕೊಂಡರೆ ಆಯಿತು. ಹಿಡಿಕೆ, ನಲ್ಲಿ ಎರಡೂ ಬಲಗೈಯ ಕಡೆ, ಸೋಪು ಎಡಕ್ಕೆ. ಮಗ ಅದನ್ನು ಮೇಸ್ತ್ರಿಗೆ ಕೊಟ್ಟ, ಮೇಸ್ತ್ರಿ ಅಂಟಿಸಿದ, ಗೋಡೆ ಕೊರೆದ, ಕೊಳವೆ ಕೂರಿಸಿದ, ಮುಚ್ಚಿದ, ಟೈಲ್ಸು ಹಾಕಿದ.

ಟೈಲ್ಸು ತೊಳೆದ ದಿನ ನಾನು ಪೊರಕೆ ಹಿಡಿದು ಒಳಗೆ ಹೋದೆ. ಗುಡಿಸಿ ಆದ ಮೇಲೆ, ಹೇಗಿದೆ ನೋಡೋಣ ಎಂದು ಕಟ್ಟೆಯ ಮೇಲೆ ಕೂತೆ. ನಡುಮನೆಯ ಒಣ ಸ್ನಾನ ನನಗೆ ಬಾಯಿಪಾಠವಾಗಿತ್ತು. ಬಲಗೈ ಚಾಚಿದೆ. ಕೈಗೆ ಸೋಪಿನ ಗೂಡು ಸಿಕ್ಕಿತು. ಹಿಡಿಕೆ ಎಡಕ್ಕಿತ್ತು. ನಲ್ಲಿಯೂ ಎಡಕ್ಕೆ. ಎದ್ದು, ಮತ್ತೆ ಕೂತು, ಮತ್ತೆ ಚಾಚಿದೆ.

ಮಗನನ್ನು ಕರೆದೆ. ಅವನು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. ಮೇಸ್ತ್ರಿಗೆ ಇನ್ನೂ ಯಾರೂ ಏನೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಾನೇ ಶುರುಮಾಡಿದ.

"ಕಾಗದ ಹೇಗಿತ್ತೋ ಹಾಗೇ ಅಂಟಿಸಿದ್ದೀನಿ. ಬರೆದಿರೋ ಮಗ್ಗುಲು ನನ್ನ ಕಡೆಗೆ. ಇಲ್ಲಾಂದ್ರೆ ಓದೋದು ಹೇಗೆ?"

"ಒಡೆದು ಸರಿಮಾಡೋಕೆ ಎಷ್ಟು ದಿನ ಬೇಕು?" ಎಂದ ಮಗ.

ಮೇಸ್ತ್ರಿ ಮೊದಲ ಬಾರಿಗೆ ನಾಳೆ ಎನ್ನಲಿಲ್ಲ. ಗೋಡೆಯೊಳಗಿನ ಕೊಳವೆ ಬಿಚ್ಚಬೇಕು, ಮತ್ತೆ ಗಾರೆ, ಅದು ಒಣಗಬೇಕು, ಈ ತಿಂಗಳಲ್ಲಿ ಆಗದ ಮಾತು ಎಂದ. ಸೊಸೆ ಬಾಗಿಲ ಹತ್ತಿರ ಬಂದು ನಿಂತಿದ್ದಳು. "ಅಮ್ಮನಿಗೆ ಹೇಳ್ಬೇಡಿ. ತನ್ನ ಕತ್ತರಿಯೇ ತಪ್ಪಿತು ಅಂದ್ಕೊಂಡ್ರೆ ಇವತ್ತೇ ಹೊರಟುಬಿಡ್ತಾಳೆ."

"ಹೇಳದೆ ಇದ್ರೆ? ಕೂತ ಮೇಲೆ ಗೊತ್ತಾಗಲ್ವಾ?"

"ಏನಾದ್ರೂ ನೆಪ ಹೇಳಿ. ನೀರು ಬರ್ತಿಲ್ಲ ಅನ್ನಿ."

ಕೋಣೆಯಿಂದ ಬೀಗಿತ್ತಿಯ ದನಿ ಬಂತು. "ಯಾಕೆ ಎಲ್ಲ ಪಿಸುಪಿಸು? ಜಗಳ ಆಡೋದಾದ್ರೆ ಗಟ್ಟಿಯಾಗಿ ಆಡಿ, ನನಗೂ ಹೊತ್ತು ಹೋಗುತ್ತೆ."

ನಾನು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅವರು ನನ್ನ ಭುಜ ಹಿಡಿದು ಎದ್ದು, ಕಾಲೆಳೆಯುತ್ತ ಬಂದು, ಬಾಗಿಲಲ್ಲಿ ನಿಂತು ಗೋಡೆ ನೋಡಿದರು. ಒಂದು ಕ್ಷಣಕ್ಕೆ ಅರ್ಥವಾಯಿತು.

"ಒಳಮೈ ಹೊರಗೆ ಬಂದಿದೆ" ಎಂದರು.

ಬಟ್ಟೆಯ ಹೊರಮೈಗೆ ಸೀಮೆಸುಣ್ಣ ತಾಕಿಸಬಾರದು, ಕಲೆ ಕೂರುತ್ತದೆ. ಟೈಲರುಗಳು ಗುರುತು ಹಾಕುವುದು, ಬರೆಯುವುದು ಎಲ್ಲ ಒಳಮೈ ಮೇಲೆ. ನಲವತ್ತು ವರ್ಷ ಹಾಗೇ ಮಾಡಿದ ಕೈ ಕಾಗದದ ಮೇಲೂ ಹಾಗೇ ಮಾಡಿತ್ತು. ಬರೆದ ಮಗ್ಗುಲು ಗೋಡೆಗೆ ಹತ್ತಿ, ಬರೆಯದ ಮಗ್ಗುಲು ಕಾಣಬೇಕಿತ್ತು. ಮೇಸ್ತ್ರಿ ಓದಲಿಕ್ಕೆಂದು ತಿರುಗಿಸಿ ಅಂಟಿಸಿದ. ಬಲ ಎಡವಾಯಿತು.

"ನಾನು ಹೇಳ್ಬೇಕಿತ್ತು. ಬಟ್ಟೆಗೆ ಯಾವತ್ತೂ ಹೇಳ್ಬೇಕಾಗಿರಲಿಲ್ಲ" ಎಂದರು. ಯಾರನ್ನೂ ಬೈಯಲಿಲ್ಲ, ಅದೇ ನಮಗೆ ಭಯ. ವಾಪಸು ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಸಾಯಂಕಾಲ ಆಶ್ರಮದವರ ಫೋನು ಬಂತು. ಸೊಸೆ ಎತ್ತಿಕೊಂಡು, "ಇನ್ನೂ ಯೋಚನೆ ಮಾಡ್ತಿದ್ದಾರೆ" ಎಂದಳು. ಅಂದು ಯಾರಿಗೂ ಅನ್ನ ಸೇರಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ಸಾಮಾನು ಕಟ್ಟುತ್ತಿರುವಾಗ ಬೀಗಿತ್ತಿ ಬಂದು ಕಟ್ಟೆಯ ಮೇಲೆ ಕೂತರು. ಬಲಗೈ ಚಾಚಿ ಸೋಪಿನ ಗೂಡಿನ ಪಕ್ಕದ ಖಾಲಿ ಜಾಗ ಮುಟ್ಟಿದರು. ಎಡ ಮೊಣಕೈ ಎತ್ತಿ ನಲ್ಲಿಗೆ ತಾಗಿಸಲು ನೋಡಿದರು. ಬೆರಳಿಗೆ ಶಕ್ತಿಯಿಲ್ಲದಿದ್ದರೂ ಮೊಣಕೈ ಸ್ವಲ್ಪ ಏಳುತ್ತಿತ್ತು.

"ಮೇಸ್ತ್ರಿ, ಬಿಚ್ಚಿ ಹೊಲಿಯೋದು ಬೇಡ. ತೇಪೆ ಹಾಕೋಣ. ಬಲಕ್ಕೆ ಇನ್ನೊಂದು ಹಿಡಿಕೆ. ನಲ್ಲಿಗೆ ಉದ್ದ ಹಿಡಿ ಇರೋದು ಹಾಕಿ, ಮೊಣಕೈಯಲ್ಲಿ ತಳ್ತೀನಿ. ಕೈಷವರಿನ ಪೈಪು ಉದ್ದದ್ದು ತಂದು ಬಲಕ್ಕೆ ಕೊಕ್ಕೆ."

"ಹಾಕಿದ ಟೈಲ್ಸಿಗೆ ತೂತು ಹೊಡೆದ್ರೆ ಸೀಳುತ್ತಮ್ಮ."

"ಸೀಳಲಿ. ಬೇರೆ ಹಾಕು."

"ಬಿಳಿ ಮುಗೀತು."

"ಯಾವುದಿದೆಯೋ ಅದು ಹಾಕು. ತೇಪೆ ಒಂದೋ ಕಾಣಲೇಬಾರದು, ಇಲ್ಲಾ ಎದ್ದು ಕಾಣಬೇಕು."

ಹೇಳಿದ ಹಾಗೆ ಒಂದು ಸೀಳಿತು. ಅಲ್ಲಿಗೆ ಅಡುಗೆಮನೆಯಲ್ಲಿ ಉಳಿದಿದ್ದ ಕಂದು ಬಣ್ಣದ್ದು ಕೂತಿತು. ಬಿಳಿ ಗೋಡೆಯಲ್ಲಿ ಅದೊಂದೇ ಕಂದು. ಕೊನೆಗೆ ಮಗ ತಾನೇ ಬಾಗಿಲಿಗೆ ಚಿಲಕ ಹಾಕಿದ, ಒಳಗಿನಿಂದ ಮಾತ್ರ ತೆಗೆಯುವಂಥದ್ದು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಚಿಕ್ಕ ಸ್ಕ್ರೂ ಹಾಕಿದ್ದೀನಮ್ಮ. ಜೋರಾಗಿ ಎಳೆದ್ರೆ ಕಿತ್ತು ಬರುತ್ತೆ. ಅತ್ತೆಗೆ ಹೇಳ್ಬೇಡ" ಎಂದ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಮೊದಲ ಸ್ನಾನದ ದಿನ ಬೀಗಿತ್ತಿ ಬಟ್ಟೆ ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿ ಚಿಲಕ ಹಾಕಿದರು. ಆ ಸದ್ದಿಗೆ ಸೊಸೆ ಬೆಚ್ಚಿದಳು. ನಾವು ಮೂವರೂ ಬಾಗಿಲ ಹೊರಗೆ. ಬಹಳ ಹೊತ್ತು ಏನೂ ಕೇಳಲಿಲ್ಲ. ಬಟ್ಟೆ ಬಿಚ್ಚುವುದು ಒಂದು ಕೈಯಲ್ಲಿ, ಹೊತ್ತು ಹಿಡಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ನೀರು ಬಂತು. ಸೊಸೆ ಉಸಿರು ಬಿಟ್ಟಳು. ಮತ್ತೆ ನೀರು ನಿಂತಿತು. ದೊಪ್ಪನೆ ಏನೋ ಬಿತ್ತು.

ಮಗ ಬಾಗಿಲ ಹಿಡಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದು, "ಬೀಗಿತ್ತೀ?" ಎಂದೆ.

"ಸೋಪು" ಎಂದರು ಒಳಗಿನಿಂದ. "ಸೋಪಿಗೆ ಲಕ್ವ ಹೊಡೆದಿದೆ, ನನಗಲ್ಲ. ಮೂರು ಜನ ಬಾಗಿಲಿಗೆ ಮೂಗು ಇಟ್ಕೊಂಡು ಉಸಿರಾಡ್ತಿದ್ದೀರಿ, ನೀರಿಗಿಂತ ಜೋರಾಗಿ ಕೇಳಿಸ್ತಿದೆ. ಹೋಗಿ ಕೆಲಸ ನೋಡ್ಕೊಳಿ."

ಯಾರೂ ಹೋಗಲಿಲ್ಲ, ಉಸಿರು ಮಾತ್ರ ಮೆಲ್ಲಗೆ ಬಿಟ್ಟೆವು. ಅವರು ಹೊರಗೆ ಬಂದಾಗ ಬಟ್ಟೆ ಉಲ್ಟಾ ತೊಟ್ಟಿದ್ದರು, ಕೂದಲಿನಲ್ಲಿ ನೊರೆ ಉಳಿದಿತ್ತು. ಮುಖ ಕೆಂಪಗಾಗಿತ್ತು. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು, "ಅಳಿಯಂದಿರೇ, ಆ ಆಶ್ರಮದವರಿಗೆ ಫೋನ್ ಮಾಡಿ. ಹಾಸಿಗೆ ಬೇರೆ ಯಾರಿಗಾದ್ರೂ ಕೊಡ್ಲಿ" ಎಂದರು. ಸೊಸೆ ಅಲ್ಲೇ ನೆಲದ ಮೇಲೆ ಕೂತು ತಾಯಿಯ ಕಾಲು ಒರೆಸತೊಡಗಿದಳು. ಅದಕ್ಕೆ ಅವರು ಬೇಡವೆನ್ನಲಿಲ್ಲ.

ಆಮೇಲೆ ಎರಡು ವರ್ಷ ಅವರು ತಮ್ಮ ಸ್ನಾನ ತಾವೇ ಮಾಡಿದರು. ನನ್ನ ಭಯ ಮಾತ್ರ ಹೋಗಲಿಲ್ಲ. ದಿನಾ ಆ ಹೊತ್ತಿಗೆ ಕಾಳು ಆರಿಸುವುದೋ ಬಟ್ಟೆ ಮಡಿಸುವುದೋ ಒಂದು ಕೆಲಸ ಹಿಡಿದು ಬಚ್ಚಲಿನ ಎದುರು ಕೂರುತ್ತಿದ್ದೆ. ನೀರಿನ ಸದ್ದು ತಡೆದರೆ ನನ್ನ ಕೈಯೂ ತಡೆಯುತ್ತಿತ್ತು. ಅವರಿಗೆ ಅದು ಗೊತ್ತಿತ್ತು. ಒಂದು ದಿನ ತಲೆ ಬಾಚಿಕೊಳ್ಳುತ್ತ ಹೇಳಿದರು, "ಅಳಿಯಂದಿರು ಚಿಲಕಕ್ಕೆ ಕಚ್ಚಾ ಹೊಲಿಗೆ ಹಾಕಿದ್ದಾರೆ, ಎಳೆದ್ರೆ ಬಿಚ್ಚಿಕೊಳ್ಳುತ್ತೆ. ಮೊದಲ ದಿನವೇ ನೋಡ್ದೆ. ನನಗೆ ಗೊತ್ತು ಅಂತ ಅವರಿಗೆ ಹೇಳ್ಬೇಡಿ, ಪಾಪ, ನಿದ್ದೆ ಕೆಡಿಸ್ಕೋತಾರೆ." ಹೀಗೆ ಒಂದೇ ಗುಟ್ಟನ್ನು ಎರಡು ಕಡೆಯಿಂದ ಹೊತ್ತುಕೊಂಡೆ.

ಅವರು ಹೋದದ್ದು ನಿದ್ದೆಯಲ್ಲಿ, ಬಚ್ಚಲಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಹಿಂದಿನ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೋಗಿದ್ದಳು. ನಾನು ಎಂದಿನಂತೆ ಬಾಗಿಲ ಎದುರು ಕೂತಿದ್ದೆ. ನೀರು ಹೊತ್ತಿಗೆ ಮುಂಚೆಯೇ ನಿಂತಿತು. ಸುಮಾರು ಹೊತ್ತು ಸದ್ದಿಲ್ಲ. ಕರೆಯಲೋ ಬೇಡವೋ ಎಂದು ಎದ್ದು ನಿಂತೆ. ಆಗ ಒಳಗಿನಿಂದ ಚಿಲಕ ಸರಿಯಿತು. ಸ್ನಾನದ ನಡುವೆ ಅದು ಸರಿದದ್ದು ನಾನು ಯಾವತ್ತೂ ಕೇಳಿರಲಿಲ್ಲ. ಬಾಗಿಲು ಒಂದು ಗೇಣಿನಷ್ಟು ತೆರೆದು ಬಿಸಿ ಹಬೆ ಹೊರಗೆ ಬಂತು. ಅವರು ಕಾಣಲಿಲ್ಲ, ಸೋಪು ಹಿಡಿದ ಕೈ ಮಾತ್ರ ಕಂಡಿತು.

"ಅಲ್ಲೇ ಇದ್ದೀರಲ್ಲ?"

"ಇಲ್ಲೇ ಇದ್ದೀನಿ."

ಆ ಕೈ ಸೋಪನ್ನು ನನ್ನ ಕಡೆಗೆ ಚಾಚಿತು. ಆಮೇಲೆ ಕೇಳಿದರು.

"ಬೆನ್ನು ಉಜ್ಜೋದಕ್ಕೆ ಕಣ್ಣು ತೆರೆದಿರಲೇಬೇಕಾ, ಬೀಗಿತ್ತೀ?"